ಕಿಟಕಿ ಪಕ್ಕದ ಸೀಟಿಗೆ ನೆಟ್ ಬಂದದ್ದು

ನಂಜುಂಡಸ್ವಾಮಿಯವರು ಮ್ಯಾನೇಜರ್ ಆದದ್ದು ನಿವೃತ್ತಿಗೆ ಸರಿಯಾಗಿ ಹದಿನಾಲ್ಕು ತಿಂಗಳು ಬಾಕಿ ಇರುವಾಗ. ಹುದ್ದೆಯ ಮೇಲೆ ಅವರಿಗೆ ಅಂಥ ಮೋಹವೇನೂ ಇರಲಿಲ್ಲ. ಮೋಹವೆಲ್ಲ ಇದ್ದದ್ದು ಸೀಟಿನ ಮೇಲೆ. ಈ ಗುಟ್ಟನ್ನು ಅವರು ಹೆಂಡತಿ ವಸಂತಮ್ಮನವರೊಬ್ಬರಿಗೆ ಮಾತ್ರ ಹೇಳಿದ್ದರು. ವಸಂತಮ್ಮನವರಿಗೆ ಹೇಳಿದ ಮೇಲೆ ಒಂಟಿಕೊಪ್ಪಲಿನ ಆ ಬೀದಿಯಲ್ಲಿ ಬೇರೆ ಯಾರಿಗೂ ಹೇಳುವ ಅಗತ್ಯ ಉಳಿದಿರಲಿಲ್ಲ.

ಆ ಸೀಟಿನ ಮಹಿಮೆಯನ್ನು ಸ್ವಲ್ಪ ವಿವರಿಸಬೇಕು. ಲಷ್ಕರ್ ಮೊಹಲ್ಲಾದಲ್ಲಿ ಕೆಳಗೆ ಪಾತ್ರೆ ಅಂಗಡಿ, ಮೇಲೆ ಗುರುಶಾಂತಪ್ಪ ಧರ್ಮಸಂಸ್ಥೆಯ ಕಚೇರಿ. ಎರಡು ಶಾಲೆ, ಒಂದು ಹಾಸ್ಟೆಲ್, ಒಂದು ಕಲ್ಯಾಣಮಂಟಪ, ಇಷ್ಟನ್ನೂ ಐದು ಮೇಜಿನ ಆ ಹಾಲಿನಿಂದಲೇ ಆಳಬೇಕು. ನಾಲ್ಕು ಮೇಜುಗಳು ಹಗಲಲ್ಲೂ ಟ್ಯೂಬ್‌ಲೈಟ್ ಬೇಡುವ ಕಡೆ ಇದ್ದವು. ಐದನೆಯದು ಮಾತ್ರ ಕಿಟಕಿ ಪಕ್ಕ. ಗಾಳಿ, ಬೆಳಕು, ಕೈಯಿರುವ ತೇಗದ ಕುರ್ಚಿ. ಹೋದ ತಿಂಗಳವರೆಗೆ ಅಲ್ಲಿ ಮ್ಯಾನೇಜರ್ ದೇವಯ್ಯನವರು ಕೂತಿದ್ದರು. ಹತ್ತೂವರೆಗೆ ಬಂದು ಬಟ್ಟೆ ಚೀಲವನ್ನು ಮೊಳೆಗೆ ತಗುಲಿಸಿ, ಕಂಪ್ಯೂಟರನ್ನು ಗಂಭೀರವಾಗಿ ನೋಡುತ್ತಿದ್ದರು. ಒಂದು ಗಂಟೆಗೆ ಮೊಸರನ್ನ. ಮೂರಕ್ಕೆ ಬೀದಿ ನೋಡುವುದು. ಐದಕ್ಕೆ ಚೀಲ ತೆಗೆದುಕೊಂಡು ಮನೆಗೆ. ಅವರು ಅವಸರಪಟ್ಟದ್ದನ್ನು ನೋಡಿದವರೇ ಇಲ್ಲ.

ಅದೇ ಹೊತ್ತಿನಲ್ಲಿ ಶೌಚಾಲಯದ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಹಾಸ್ಟೆಲ್ ಪಟ್ಟಿ, ಶಾಲೆಯ ವರದಿ, ಮಂಟಪದ ಬುಕಿಂಗು, ಇಲಾಖೆಯ ಪತ್ರ ಎಂದು ಎರಡೂ ಕೈಯಲ್ಲಿ ಬಡಿಯುತ್ತಿದ್ದವರು ನಂಜುಂಡಸ್ವಾಮಿ. ಬಡಿದೂ ಬಡಿದೂ ಅವರ ಕೀಬೋರ್ಡಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಅವರು ಸುಸ್ತಾಗಿದ್ದರು. ಒಂದು ದಿನದ ಸುಸ್ತಲ್ಲ, ಭಾನುವಾರ ಮಲಗಿದರೆ ಹೋಗುವಂಥದ್ದೂ ಅಲ್ಲ. ನೆಮ್ಮದಿ ಎಂಬುದು ದೇವಯ್ಯನವರ ಗುಣವಲ್ಲ, ಆ ಕುರ್ಚಿಯ ಗುಣ ಎಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿದ್ದರು. ಹದಿನಾಲ್ಕು ತಿಂಗಳು ಅಲ್ಲಿ ಕೂತು ಬೀದಿ ನೋಡಿದರೆ ಸಾಕಾಗಿತ್ತು ಅವರಿಗೆ.

ಸೋಮವಾರ ಒಳ್ಳೆಯ ಗಳಿಗೆ ನೋಡಿ ಅವರು ಸೀಟು ಬದಲಿಸಿದರು. ದೇವಯ್ಯನವರ ಕಂಪ್ಯೂಟರನ್ನು ಅಟ್ಟಕ್ಕೆ ಏರಿಸಿ, ತಮ್ಮದನ್ನೇ ತಂದಿಡಲು ಹೇಳಿದರು. ಅಕ್ಷರವಿಲ್ಲದ ಆ ಕೀಬೋರ್ಡು ಅವರ ಬೆರಳಿಗೆ ಮಾತ್ರ ಗೊತ್ತಿತ್ತು. ಅಟೆಂಡರ್ ಚಿಕ್ಕಬಸವಯ್ಯ ಅದನ್ನು ಮದುವಣಗಿತ್ತಿಯನ್ನು ಕರೆತಂದಷ್ಟು ಜೋಪಾನವಾಗಿ ಹೊತ್ತು ತಂದ. ಖಾಲಿಯಾದ ಹಳೆಯ ಜಾಗಕ್ಕೆ, ಎರಡು ವರ್ಷದಿಂದ ಕಚೇರಿಯಲ್ಲಿದ್ದ ಗುಮಾಸ್ತೆ ಅಕ್ಷತಾ ಹೊಸ ಕಂಪ್ಯೂಟರಿನೊಂದಿಗೆ ಬಂದಳು. ಕಾರ್ಯದರ್ಶಿ ವೃಷಭೇಂದ್ರಪ್ಪನವರು ಎದ್ದು ನಿಂತು, ಹಿರಿತನಕ್ಕೆ ಸಂಸ್ಥೆ ಕೊಡುವ ಗೌರವದ ಬಗ್ಗೆ ನಾಲ್ಕು ಮಾತಾಡಿದರು. ಚಪ್ಪಾಳೆಯಾಯಿತು. ನಂಜುಂಡಸ್ವಾಮಿಯವರು ಕೂತು, ಗಾಳಿ ಕುಡಿದು, ಗುಂಡಿ ಒತ್ತಿದರು.

ಕಂಪ್ಯೂಟರ್ ಬಂತು. ನೆಟ್ ಬರಲಿಲ್ಲ.

"ಏನ್ರೀ ನಂಜುಂಡಸ್ವಾಮಿ, ನಿಮ್ಗೇ ಇಲ್ವಾ ನೆಟ್ಟು?" ಎಂದರು ವೃಷಭೇಂದ್ರಪ್ಪ. "ಆ ಕಂಪ್ಯೂಟರಿನ ಬಸವರಾಜುಗೆ ಒಂದು ಫೋನ್ ಹಾಕ್ಸಣ್ವಾ?"

ಆಗ ನಂಜುಂಡಸ್ವಾಮಿಯವರು "ಹೂಂ, ಹಾಕ್ಸಿ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಕಚೇರಿಯ ನೆಟ್ ನಿಂತಾಗ ಗೋಡೆಯ ಮೇಲಿನ ನೆಟ್ ಡಬ್ಬಿಯ ಸ್ವಿಚ್ಚನ್ನು ಆರಿಸಿ ಹಾಕಿ ಅದನ್ನು ಬದುಕಿಸಿದ್ದವರು ಅವರೇ. ಅಂದಿನಿಂದ ನೆಟ್‌ವರ್ಕ್ ವಿಷಯದಲ್ಲಿ ಅವರಿಗೆ ಒಂದು ಹೆಸರಿತ್ತು. ಹೊಸ ಕುರ್ಚಿಯ ಮೊದಲ ಹತ್ತು ನಿಮಿಷದಲ್ಲೇ ಆ ಹೆಸರನ್ನು ಕಳೆದುಕೊಳ್ಳುವುದಕ್ಕೆ ಅವರ ಮನಸ್ಸು ಒಪ್ಪಲಿಲ್ಲ.

"ಬಸವರಾಜು ಯಾಕೆ ಸಾರ್ ಇಷ್ಟಕ್ಕೆ? ನೆಟ್‌ವರ್ಕ್ ವಿಷ್ಯ ನಂಗ್ ಬುಡಿ," ಎಂದರು.

ಬಿಟ್ಟರು. ನಂಜುಂಡಸ್ವಾಮಿಯವರು ಗೋಡೆಯ ಡಬ್ಬಿಯನ್ನು ಆರಿಸಿ ಹಾಕಿದರು. ಒಮ್ಮೆ ಸಾಲದೆಂದು ಮೂರು ಸಲ. ಕಿಟಕಿ ಸೀಟಿಗೆ ನೆಟ್ ಬರಲಿಲ್ಲ. ಉಳಿದ ನಾಲ್ಕು ಮೇಜಿಗೆ ಇದ್ದದ್ದೂ ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಕಲ್ಯಾಣಮಂಟಪ ಕೇಳಲು ಬಂದಿದ್ದ ಎರಡು ಕಡೆಯ ಬೀಗರು, ಮಾಡಲು ಕೆಲಸವಿಲ್ಲದೆ ಬೆಂಚಿನ ಮೇಲೆ ಊಟದ ಪಟ್ಟಿಯ ಬಗ್ಗೆ ಮಾತು ಶುರುಮಾಡಿ, ಹೋಳಿಗೆಯೋ ಚಿರೋಟಿಯೋ ಎಂಬಲ್ಲಿ ಮುಖ ತಿರುಗಿಸಿಕೊಂಡು, ಬೇರೆ ಬೇರೆ ಆಟೋದಲ್ಲಿ ಹೊರಟುಹೋದರು.

"ಮೊದ್ಲು ಕಾಯಿಲೆ ಯಾವ್ದು ಅಂತ ಕಂಡ್‌ಹಿಡೀಬೇಕು," ಎಂದರು ನಂಜುಂಡಸ್ವಾಮಿ. ಮಂಗಳವಾರ ಕಾಯಿಲೆ ಹುಡುಕುವ ಕಾರ್ಯ. ಚಿಕ್ಕಬಸವಯ್ಯ ಕಂಪ್ಯೂಟರನ್ನು ಹೊತ್ತು ಹಳೆಯ ಜಾಗಕ್ಕೆ ತಂದ. ಅಲ್ಲಿ ನೆಟ್ ಬಂತು. ಹೊತ್ತು ಹೊಸ ಜಾಗಕ್ಕೆ ತಂದ. ಇಲ್ಲ. ವೈರ್ ಬದಲಾಯಿಸಿದರು. ಇಲ್ಲ. ಮತ್ತೆ ಹಳೆಯ ಜಾಗ. ಬಂತು. ಐದನೆಯ ಸಲ ಹೊರುವ ಹೊತ್ತಿಗೆ ಚಿಕ್ಕಬಸವಯ್ಯ ಕಂಪ್ಯೂಟರನ್ನು ಹಾಲಿನ ನಡುವೆ ನೆಲದ ಮೇಲಿಟ್ಟು ತಾನೂ ಅದರ ಪಕ್ಕ ಕೂತ.

"ಸಾ, ಮಿಸಿನ್ನು ಚೆನ್ನಾಗೈತೆ. ದೊಡ್ಡ್ ಜಾಗ ಕಂಡು ಎದುರ್ಕೊಂಡೈತೆ, ಅಷ್ಟೇಯ. ನಾಕ್ ದಿನ ಅಂಗೇ ಬುಟ್‌ಬುಡಿ, ಒಗ್ಗೋಯ್ತದೆ."

ವೃಷಭೇಂದ್ರಪ್ಪನವರ ಅಭಿಪ್ರಾಯ ಬೇರೆಯಿತ್ತು. "ನೀವು ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ದೀರ್ರೀ. ಬರೋದು ಎಲ್ಲಿಂದ ಬರ್ಬೇಕು?" ಎಂದರು. ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಉತ್ತರಕ್ಕೆ ತಿರುಗಿಸಿದರು. ಉತ್ತರಕ್ಕೆ ತಿರುಗಿಸಿದಾಗ ಮ್ಯಾನೇಜರ್ ಗೋಡೆಗೆ ಮುಖಮಾಡಿ ಕೂರಬೇಕಾಯಿತು. ಬಂದವರೆಲ್ಲ ಅವರ ಬೆನ್ನಿಗೆ ನಮಸ್ಕಾರ ಹೇಳಿ ಹೋದರು. ಸಂಜೆಗೆ ಮೇಜು ಮೊದಲಿದ್ದ ದಿಕ್ಕಿಗೇ ಬಂದು ನಿಂತಿತು.

ಈ ನಡುವೆ ಕೆಲಸವಂತೂ ಆಗಬೇಕಲ್ಲ. "ಅಕ್ಷತಮ್ಮಾ, ಒಂದೈದ್ ನಿಮ್ಷ ಕಣಮ್ಮ," ಎಂದು ನಂಜುಂಡಸ್ವಾಮಿಯವರು ತಮ್ಮ ಹಳೆಯ ಜಾಗಕ್ಕೆ ಬಂದು ಕೂರುತ್ತಿದ್ದರು. ಅಕ್ಷತಾ ಎದ್ದು ಬೆಂಚಿಗೆ ಹೋಗುತ್ತಿದ್ದಳು. ಅವರ ಐದು ನಿಮಿಷ ಎರಡು ಗಂಟೆಯಷ್ಟು ಉದ್ದವಿರುತ್ತಿತ್ತು. ಅವಳು ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನಲ್ಲೇ ಇಲಾಖೆಯ ಪತ್ರಗಳಿಗೆ ಉತ್ತರ ಕುಟ್ಟುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ನಂಜುಂಡಸ್ವಾಮಿಯವರು ಅದನ್ನು ಒಳ್ಳೆಯ ಹುಡುಗಿಯ ಲಕ್ಷಣವೆಂದು ತಿಳಿದಿದ್ದರು.

ಬುಧವಾರ ವೃಷಭೇಂದ್ರಪ್ಪನವರ ತಾಳ್ಮೆ ತೀರಿತು.

"ನೋಡ್ರೀ, ಶುಕ್ರವಾರ ಸಂಜೆ ಆಡಳಿತ ಮಂಡಳಿ ಸಭೆ ಇದೆ. ಅಷ್ಟ್ರಲ್ಲಿ ಆ ಮೇಜಿಗೆ ನೆಟ್ ಬರ್ಲಿಲ್ಲಾ ಅಂದ್ರೆ, ಮ್ಯಾನೇಜರ್ ಸೀಟಿಗೆ ಕಂಪ್ಯೂಟರ್ ಬಲ್ಲ ಒಬ್ರನ್ನ ಹೊರಗಡೆಯಿಂದ ಕರೆಸ್ಕೊತೀವಿ. ನೀವು ಬೇಜಾರ್ ಮಾಡ್ಕೋಬೇಡಿ. ನಿಮ್ ಹಳೇ ಜಾಗ ನಿಮಗೆ ಇದ್ದೇ ಇದೆ."

ಹಳೇ ಜಾಗ ಎಂದ ಕೂಡಲೇ ನಂಜುಂಡಸ್ವಾಮಿಯವರಿಗೆ ಫಿನಾಯಿಲಿನ ವಾಸನೆ ಬಂದಂತಾಯಿತು. ಇಪ್ಪತ್ತೆರಡು ವರ್ಷ ಕಾದು, ಮೂರು ದಿನ ಕೂತು, ಎದ್ದು ಹೋಗುವುದೇ? ಅವರು ಆ ಸಂಜೆ ಮನೆಗೆ ಬರುವಾಗ ಸ್ಕೂಟರನ್ನು ಎರಡು ಸಲ ತಪ್ಪು ತಿರುವಿನಲ್ಲಿ ತಿರುಗಿಸಿದರು.

ಮನೆಯಲ್ಲಿ ನಲ್ಲಿ ನೀರು ಬಂದಿರಲಿಲ್ಲ. ಎದುರು ಮನೆಯ ಪದ್ಮಾವತಿಯವರಿಗೆ ಮಾತ್ರ ಬಂದಿತ್ತು. ಆ ಬೀದಿಯಲ್ಲಿ ಅದು ಹಾಗೆಯೇ, ಯಾಕೆಂದು ಕಾರ್ಪೊರೇಷನ್ನಿನವರಿಗೂ ಗೊತ್ತಿಲ್ಲ. ವಸಂತಮ್ಮನವರು ಹಸಿರು ಪೈಪಿನ ಒಂದು ತುದಿಯನ್ನು ಪದ್ಮಾವತಿಯವರ ನಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ರಸ್ತೆ ದಾಟಿಸಿ ತಮ್ಮ ತೊಟ್ಟಿಗೆ ಬಿಟ್ಟಿದ್ದರು. ಬರುವ ಹೋಗುವ ಬೈಕಿನವರೆಲ್ಲ ಪೈಪು ಹತ್ತಿಸಿ ಇಳಿಸಿ ಹೋಗುತ್ತಿದ್ದರು.

"ಯಾಕ್ರೀ ಅಲ್ಲೇ ನಿಂತ್‌ಬುಟ್ರಿ? ಪೈಪ್ ತುಳೀಬೇಡಿ, ಈಚೆ ಬನ್ನಿ," ಎಂದರು ವಸಂತಮ್ಮ.

ನಂಜುಂಡಸ್ವಾಮಿಯವರು ತೊಟ್ಟಿಗೆ ನೀರು ಬೀಳುವುದನ್ನೇ ನೋಡುತ್ತ ನಿಂತಿದ್ದರು. ಎದುರು ಮನೆಯಲ್ಲಿದೆ, ನಮ್ಮಲ್ಲಿಲ್ಲ. ನಡುವೆ ಒಂದು ಪೈಪು. ಮೂರು ದಿನದಿಂದ ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಬೇಸರವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಗುರುವಾರ ಬೆಳಿಗ್ಗೆ ಚಿಕ್ಕಬಸವಯ್ಯನನ್ನು ಕಳಿಸಿ ಉದ್ದನೆಯ ಒಂದು ನೆಟ್ ವೈರ್ ತರಿಸಿದರು. ಅಕ್ಷತಾಳ ಮೇಜಿನ ಪಕ್ಕ ಗೋಡೆಯಲ್ಲಿ ನೆಟ್ ವೈರ್ ಸಿಕ್ಕಿಸುವ ಎರಡು ತೂತಿದ್ದವು, ಒಂದು ಖಾಲಿ. ಕಿಟಕಿ ಸೀಟಿನ ಗೋಡೆಯಲ್ಲೂ ಎರಡು ತೂತು. ವೈರಿನ ಒಂದು ತುದಿಯನ್ನು ಅಲ್ಲಿಯ ಖಾಲಿ ತೂತಿಗೆ, ಇನ್ನೊಂದು ತುದಿಯನ್ನು ಇಲ್ಲಿಯ ಒಂದು ತೂತಿಗೆ ಸಿಕ್ಕಿಸಿದರು. ಹೀಗೆ ಗೋಡೆಯಿಂದ ಗೋಡೆಗೆ ನೆಟ್ ತುಂಬಿಸಿ, ಪಕ್ಕದ ತೂತಿನಿಂದ ತಮ್ಮ ಕಂಪ್ಯೂಟರಿಗೆ ತೆಗೆದುಕೊಂಡರು. ವೈರನ್ನು ಸೀದಾ ಕಂಪ್ಯೂಟರಿಗೇ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ಅಕ್ಷತಾ ಕೂಡ ಕೇಳಿದಳು.

"ಮ್ಯಾನೇಜರ್ ನೆಟ್ಟು ಮ್ಯಾನೇಜರ್ ಗೋಡೆಯಿಂದಾನೇ ಬರ್ಬೇಕಮ್ಮ. ನಾಳೆ ಯಾರಾದ್ರೂ ಬಂದು, ಇವ್ರು ಗುಮಾಸ್ತೆ ಹತ್ರ ಸಾಲ ತಗೊಂಡಿದ್ದಾರೆ ಅನ್ಬಾರ್ದು," ಎಂದರು ನಂಜುಂಡಸ್ವಾಮಿ.

ಗುಂಡಿ ಒತ್ತಿದರು. ನೆಟ್ ಬಂತು!

ಹಾಲಿನಲ್ಲಿ ಹರ್ಷವೋ ಹರ್ಷ. ಚಿಕ್ಕಬಸವಯ್ಯ ಕೆಳಗೆ ಓಡಿ ಕಾಫಿ ಹೇಳಿ ಬಂದ. ವೃಷಭೇಂದ್ರಪ್ಪನವರು ಬಂದು ಬೆನ್ನು ತಟ್ಟಿ, "ನಾನ್ ಆವತ್ತೇ ಹೇಳ್ಲಿಲ್ವಾ, ನಂಜುಂಡಸ್ವಾಮಿ ಕೈಲಿ ಆಗದ್ದಿಲ್ಲ ಅಂತ?" ಎಂದು, ಆವತ್ತು ಹೇಳದೇ ಇದ್ದದ್ದನ್ನು ಹೇಳಿದರು. ನಂಜುಂಡಸ್ವಾಮಿಯವರು ಮೊದಲ ಕೆಲಸವಾಗಿ ಮೈಸೂರಿನ ಹವಾಮಾನ ನೋಡಿದರು. ಪಕ್ಕದಲ್ಲೇ ಕಿಟಕಿಯಿತ್ತು, ಆದರೂ ನೆಟ್ಟಿನಲ್ಲಿ ನೋಡಿದರು. ಭಾಗಶಃ ಮೋಡ ಎಂದಿತ್ತು. ಬಹಳ ಸಂತೋಷವಾಯಿತು.

ಕಾಫಿ ಬರುವಷ್ಟರಲ್ಲಿ ನೆಟ್ ಹೋಯಿತು. ಅವರದ್ದು ಮಾತ್ರವಲ್ಲ, ಅಕ್ಷತಾಳದ್ದು, ಉಳಿದ ಮೇಜುಗಳದ್ದು, ಕಾರ್ಯದರ್ಶಿಗಳ ಕೋಣೆಯದ್ದು. ಕಾರ್ಯದರ್ಶಿಗಳ ಕೋಣೆಯ ಟಿವಿಯಲ್ಲಿ ಕಾಣುತ್ತಿದ್ದ ಎಂಟು ಕ್ಯಾಮೆರಾ ಚಿತ್ರಗಳೂ ಒಂದೊಂದಾಗಿ ಕಪ್ಪಾದವು. ಬೆರಳೊತ್ತುವ ಹಾಜರಿ ಯಂತ್ರ, ಒತ್ತಿದ ವೃಷಭೇಂದ್ರಪ್ಪನವರನ್ನೇ ಗುರುತಿಲ್ಲ ಎಂದುಬಿಟ್ಟಿತು. ಇಪ್ಪತ್ತು ವರ್ಷದಿಂದ ಸಂಸ್ಥೆ ನಡೆಸುತ್ತಿರುವವರು ಅವರು. ಅವರ ಮುಖ ನೋಡುವಂತಿರಲಿಲ್ಲ.

"ಸಾಕ್ರೀ," ಎಂದರು. "ಆ ಬಸವರಾಜುನ ಕರೀರಿ."

ಬಸವರಾಜು ನಲವತ್ತು ದಾಟಿದ ಮನುಷ್ಯ. ಊರಿನ ಮೂವತ್ತು ಕಚೇರಿಗಳ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ. ಎಲ್ಲಿ ಹೋದರೂ ಅವನು ಕೇಳುವ ಮೊದಲ ಪ್ರಶ್ನೆ ಒಂದೇ.

"ಏನಾದ್ರೂ ಮುಟ್ಟಿದ್ರಾ ಸಾರ್?"

"ಇಲ್ಲಪ್ಪ," ಎಂದರು ನಂಜುಂಡಸ್ವಾಮಿ.

ಸಿಗುವ ಉತ್ತರವೂ ಎಲ್ಲ ಕಡೆ ಅದೊಂದೇ. ಬಸವರಾಜು ನಿಟ್ಟುಸಿರು ಬಿಟ್ಟು ಗೋಡೆಗುಂಟ ನಡೆದು, ಆ ತೂತಿನಿಂದ ಈ ತೂತಿಗೆ ಹೋಗಿದ್ದ ವೈರನ್ನು ಕಿತ್ತು, ಹಾವು ಹಿಡಿದವನಂತೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಎರಡು ನಿಮಿಷದಲ್ಲಿ ಎಲ್ಲರ ನೆಟ್ಟೂ ಬಂತು, ಕಿಟಕಿ ಸೀಟಿನದೊಂದು ಬಿಟ್ಟು.

"ಸಾರ್, ಗೋಡೆ ಮೇಲಿರೋ ಡಬ್ಬಿ ಒಂದೇ. ಆದ್ರೆ ಒಳಗೆ ಎರಡು ಬೀದಿ ಮಾಡಿದ್ದೀವಿ. ಒಂದು ಆಫೀಸ್ ಬೀದಿ, ಒಂದು ಕ್ಯಾಮೆರಾ ಬೀದಿ. ಇದಕ್ಕೆ ವಿ-ಲ್ಯಾನ್ ಅಂತಾರೆ. ಇಂಟರ್‌ನೆಟ್ಟಿಗೆ ರಸ್ತೆ ಇರೋದು ಆಫೀಸ್ ಬೀದಿಯಿಂದ ಮಾತ್ರ. ನಿಮ್ ಗೋಡೆ ತೂತು ಕ್ಯಾಮೆರಾ ಬೀದೀಲಿದೆ. ಅಲ್ಲಿ ಕೂತು ನೀವು ನೂರು ವರ್ಷ ಕಾದ್ರೂ ನೆಟ್ ಬರಲ್ಲ."

"ಮತ್ತೆ ಹತ್ತು ನಿಮ್ಷ ಬಂತಲ್ಲಪ್ಪ?"

"ನೀವು ಎರಡು ಬೀದಿ ನಡುವಿನ ಗೋಡೆ ಒಡೆದ್ರಲ್ಲಾ, ಅದಕ್ಕೆ. ಆ ಬೀದಿಗೂ ಈ ಬೀದಿಗೂ ಸಂಬಂಧ ಇಲ್ವಲ್ಲ ಅಂತ, ಎರಡ್ರಲ್ಲೂ ದೊಡ್ಮನೆಗೆ, ಅಂದ್ರೆ ಇಲ್ಲಿ ನೆಟ್ ಕೊಡೋ ಯಂತ್ರಕ್ಕೆ, ಅಲ್ಲಿ ಕ್ಯಾಮೆರಾ ಪೆಟ್ಟಿಗೆಗೆ, ಒಂದೇ ನಂಬರ್ ಕೊಟ್ಟಿದ್ದೆ. ನೀವು ಒಂದ್ ಮಾಡಿದ್ ತಕ್ಷಣ, ಒಂದೇ ನಂಬರಿನ ಎರಡು ಮನೆ! ಯಾರ್ ಕಾಗ್ದ ಯಾರ್ ಮನೆಗೆ ಹೋಗ್ಬೇಕು? ಎಲ್ಲಾ ನಿಂತೋಯ್ತು." ಅವನು ವೈರನ್ನು ಸುತ್ತಿ ಚಿಕ್ಕಬಸವಯ್ಯನ ಕೈಗೆ ಕೊಟ್ಟ. "ನಿಮ್ ತೂತನ್ನ ಆಫೀಸ್ ಬೀದಿಗೆ ಹಾಕೋದು ಎರಡ್ ನಿಮಿಷದ ಕೆಲ್ಸ. ಡಬ್ಬಿಯ ಪಾಸ್‌ವರ್ಡ್ ಅಂಗಡೀಲಿ ಹಳೇ ಡೈರೀಲಿದೆ. ನಾಳೆ ಹನ್ನೊಂದಕ್ಕೆ ತಂದು ಮಾಡ್ಕೊಡ್ತೀನಿ."

ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಅಲ್ಲಾ ಸಾರ್, ಆರು ವರ್ಷದಿಂದ ಅದು ಹಂಗೇ ಇದೆ. ದೇವಯ್ಯ ಸಾರ್ ಅಲ್ಲಿ ಎಂಗೆ ಕೆಲ್ಸ ಮಾಡ್ತಿದ್ರು?"

"ಅವರೊಂದು ದಿನ ಕಂಪ್ಲೇಂಟ್ ಹೇಳಿದ್ದಿಲ್ಲಪ್ಪ," ಎಂದರು ವೃಷಭೇಂದ್ರಪ್ಪ.

ಆ ಪ್ರಶ್ನೆ ನಂಜುಂಡಸ್ವಾಮಿಯವರ ತಲೆಯಲ್ಲಿ ಕೂತುಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಸ್ಕೂಟರನ್ನು ವಿದ್ಯಾರಣ್ಯಪುರಂ ಕಡೆಗೆ ತಿರುಗಿಸಿದರು. ದೇವಯ್ಯನವರು ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ನಿವೃತ್ತಿಯಿಂದ ಅವರಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಕಾಫಿ ತರಿಸಿ, ನಾಲ್ಕು ದಿನದ ಪುರಾಣವನ್ನೆಲ್ಲ ಕೇಳಿದರು. ಕೇಳುತ್ತ ಕೇಳುತ್ತ ಅವರ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಕಣ್ಣೊರೆಸಿಕೊಂಡರು.

"ಅಯ್ಯೋ ನಂಜುಂಡಸ್ವಾಮಿ, ಎಂಥಾ ಕೆಲ್ಸ ಮಾಡ್‌ಬುಟ್ಟೆ! ಆ ಸೀಟಿಗೆ ನೆಟ್ ಇಲ್ಲ ಅಂತಾನೇ ಕಣೋ ನಾನು ಅಲ್ಲಿ ಕೂತಿದ್ದು."

"ಅಂದ್ರೆ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿಲ್ದೆ? ಕ್ಯಾಮೆರಾ ಹಾಕ್ದಾಗ ಅದರ ಪೆಟ್ಟಿಗೆ ಇಟ್ಟಿದ್ದು ನನ್ ಮೇಜಿನ ಕೆಳಗೆ. ಅದಕ್ಕೇ ಆ ಲೈನ್ ಎಳೆದ್ರು. ಆಮೇಲೆ ಪೆಟ್ಟಿಗೆ ಕಾರ್ಯದರ್ಶಿಗಳ ರೂಮಿಗೆ ಹೋಯ್ತು. ಲೈನ್ ಎಳೆಯೋಕೆ ಬಂದ ಹುಡುಗ, 'ಸಾರ್, ನಿಮ್ ಕಂಪ್ಯೂಟರಿಗೆ ಬೇರೆ ಲೈನ್ ಕೊಡ್ಲಾ?' ಅಂದ. 'ನಾಳೆ ನೋಡಣ ಬಿಡಪ್ಪ' ಅಂದೆ. ಆ ನಾಳೇನ ಆರು ವರ್ಷ ಎಳೆದೆ." ದೇವಯ್ಯನವರು ಕಾಫಿ ಹೀರಿದರು. "ಏನೇ ಬರ್ಲಿ, ನಂದೊಂದೇ ಮಾತು. ನನ್ ಸಿಸ್ಟಮ್‌ನಲ್ಲಿ ಓಪನ್ ಆಗ್ತಿಲ್ಲ ಕಣಪ್ಪ, ನೀನೇ ಸ್ವಲ್ಪ ನೋಡ್‌ಬುಡು."

ಆ ಮಾತು ನಂಜುಂಡಸ್ವಾಮಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷ ಅದನ್ನು ಕೇಳಿ, "ಆಯ್ತು ಸಾರ್" ಎಂದು ನೋಡಿಬಿಟ್ಟವರು ಅವರೇ. ಮಗಳ ಮದುವೆಯ ಹಿಂದಿನ ದಿನ ಕೂಡ ಹಾಸ್ಟೆಲ್ ಪಟ್ಟಿ ನೋಡಿಬಿಟ್ಟಿದ್ದರು. ಅವರಿಗೆ ಕೋಪ ಬಂತು, ಆರು ವರ್ಷದ್ದೂ ಒಟ್ಟಿಗೆ ಬಂತು. ಆದರೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಆ ಕೋಪ ಆಸೆಯಾಗಿ ತಿರುಗಿತ್ತು. ಅದಕ್ಕೆ ಅವರಿಗೇ ನಾಚಿಕೆಯಾಯಿತು.

"ಈಗೇನ್ ಮಾಡೋದು ಸಾರ್? ಇವತ್ತು ಹನ್ನೊಂದಕ್ಕೆ ಬಸವರಾಜು ಬರ್ತಾನೆ."

"ಇನ್ನೂ ಕೈ ಮೀರಿಲ್ಲ. ಅವನಿಗೆ ಹೇಳು, ಎರಡು ನಿಮಿಷದ ಕೆಲಸ ಅಲ್ಲ, ಹೊಸ ವೈರಿಂಗ್ ಆಗ್ಬೇಕು, ಮಂಡಳಿ ಒಪ್ಪಿಗೆ ಬೇಕು ಅಂತ ಬರ್ಕೊಡು ಅಂತ. ಇವತ್ತು ಸಭೇಲಿ ಆ ಕಾಗ್ದ ಇಡು. ಇನ್ನು ನೆಟ್ ಇಲ್ದೆ ಇರೋದು ನಿನ್ ತಪ್ಪಲ್ಲ, ಮಂಡಳೀದು. ಸೀಟೂ ಉಳೀತು. ಆ ಮಂಡಳಿ ಒಂದು ಫ್ಯಾನ್ ಹಾಕ್ಸೋಕೆ ಎರಡು ಬೇಸಿಗೆ ತಗೊಂಡಿದೆ. ನಿನಗೆ ಬೇಕಿರೋದು ಹದಿನಾಕೇ ತಿಂಗಳು. ನಾನ್ ಆರು ವರ್ಷ ತಳ್ಳಿದ್ದೀನಿ, ನೀನ್ ಅಷ್ಟು ತಳ್ಳಲಾರ್ಯಾ?"

ನಂಜುಂಡಸ್ವಾಮಿಯವರು ಅಷ್ಟು ಜೋರಾಗಿ ಸ್ಕೂಟರ್ ಓಡಿಸಿ ಎಷ್ಟೋ ವರ್ಷವಾಗಿತ್ತು. ಅಗ್ರಹಾರದ ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ತೋರಿಸಿದಾಗ, "ಅರ್ಜೆಂಟು ಕಣಪ್ಪ, ನೆಟ್ ಬಂದ್‌ಬುಡ್ತದೆ!" ಎಂದರು. ಅವನು ಮನೆಯಲ್ಲಿ ಏನೋ ಆಗಿರಬೇಕೆಂದು ಬಿಟ್ಟುಬಿಟ್ಟ.

ಹನ್ನೊಂದು ಎಂದ ಬಸವರಾಜು ಬಂದದ್ದು ಒಂದು ಗಂಟೆಗೆ. ಕಾರ್ಯದರ್ಶಿಗಳು ತಮ್ಮ ಕೋಣೆಯಲ್ಲಿ ಫೋನಿನಲ್ಲಿದ್ದರು. ಬಸವರಾಜು ಕಿಟಕಿ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟು, ಡೈರಿ ನೋಡಿ ಪಾಸ್‌ವರ್ಡ್ ಹೊಡೆದು, "ಆಯ್ತು ಸಾರ್. ಇದೊಂದು ಒತ್ತಿದ್ರೆ ನೀವು ಆಫೀಸ್ ಬೀದಿಗೆ ಬಂದ್ರಿ," ಎಂದ.

ನಂಜುಂಡಸ್ವಾಮಿಯವರು ಅವನ ಕೈ ಹಿಡಿದುಕೊಂಡರು. ದನಿ ತಗ್ಗಿಸಿ ದೇವಯ್ಯನವರ ಉಪಾಯವನ್ನು ತಮ್ಮದೆಂಬಂತೆ ಹೇಳಿದರು. ಬಸವರಾಜು ಅವರನ್ನೊಮ್ಮೆ, ಗುಂಡಿಯನ್ನೊಮ್ಮೆ ನೋಡಿದ.

"ನಂಗೇನ್ ಸಾರ್, ನೀವ್ ಹೇಳ್ದಂಗೆ ಬರ್ಕೊಡ್ತೀನಿ. ಕೆಲಸ ಮಾಡಿ ಅನ್ನೋರೇ ಎಲ್ಲ, ಮಾಡ್ಬೇಡಿ ಅಂದೋರು ನೀವೇ ಮೊದಲು."

ಅಷ್ಟರಲ್ಲಿ ವೃಷಭೇಂದ್ರಪ್ಪನವರು ಕೋಣೆಯಿಂದ ಹೊರಗೆ ಬಂದರು. "ನಂಜುಂಡಸ್ವಾಮಿ, ಇಲಾಖೆಯಿಂದ ಫೋನು. ಹಾಸ್ಟೆಲ್ ಹುಡುಗೀರ ಪಟ್ಟಿ ಹೊಸ ನಮೂನೇಲಿ ಬೇಕಂತೆ, ನಾಲ್ಕು ಗಂಟೆ ಒಳಗೆ. ನೂರಾ ಹನ್ನೆರಡು ಹೆಸ್ರು. ನೀವೇ ಮಾಡ್ಬೇಕು."

ನಂಜುಂಡಸ್ವಾಮಿಯವರು ಬಾಯಿ ತೆರೆದರು. ಯೋಚನೆ ಮಾಡುವುದಕ್ಕೆ ಮೊದಲೇ ಮಾತು ತಾನಾಗಿ ಬಂತು.

"ನನ್ ಸಿಸ್ಟಮ್‌ನಲ್ಲಿ ಓಪನ್ ಆಗ್ತಿಲ್ವಲ್ಲ ಸಾರ್... ಅಕ್ಷತಮ್ಮಾ, ನೀನೇ ಸ್ವಲ್ಪ..."

ಅಕ್ಷತಾ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಳು. ಬೆಳಿಗ್ಗೆಯಿಂದ ಬೆಂಚಿನಲ್ಲಿ ಕೂತು ಅವಳ ಬೆನ್ನು ಬಾಗಿತ್ತು. ಅವಳು ಅವರ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿ ಒತ್ತಿ, "ಆಯ್ತು ಸಾರ್," ಎಂದಳು.

ಅದು ನಂಜುಂಡಸ್ವಾಮಿಯವರದೇ ಆಯ್ತು ಸಾರ್. ಅದೇ ರಾಗ, ಕೊನೆಯಲ್ಲಿ ಅದೇ ಇಳಿಯುವ ಉಸಿರು. ಆರು ವರ್ಷದಲ್ಲಿ ಎಷ್ಟು ಸಾವಿರ ಸಲ ಅದನ್ನು ಹೇಳಿದ್ದರೋ ಲೆಕ್ಕವಿಲ್ಲ. ಹೇಳುವವರ ಬಾಯಲ್ಲಿ ಅದು ಹೇಗಿರುತ್ತದೆಂದು ಗೊತ್ತಿತ್ತು. ಕೇಳುವವರ ಕಿವಿಗೆ ಹೇಗಿರುತ್ತದೆಂದು ಗೊತ್ತಾದದ್ದು ಅವತ್ತೇ. ಕಿಟಕಿಯಿಂದ ಗಾಳಿ ತಣ್ಣಗೆ ಬೀಸುತ್ತಿತ್ತು. ಕೆಳಗೆ ಬೀದಿಯಲ್ಲಿ ನೋಡಲು ಬೇಕಾದಷ್ಟಿತ್ತು. ಅವರು ಒಮ್ಮೆ ಆ ಕಡೆ ನೋಡಿದರು. ಹದಿನಾಲ್ಕು ತಿಂಗಳನ್ನು ಕಣ್ತುಂಬ ನೋಡಿ ಮುಗಿಸಿದರು.

"ಬೇಡ ಕಣಮ್ಮ. ನೀನ್ ಊಟ ಮಾಡು. ನಿನ್ ಜಾಗದಲ್ಲೇ ಕೂತು ಮಾಡು," ಎಂದರು. ಆಮೇಲೆ ಬಸವರಾಜುವಿನ ಕಡೆ ತಿರುಗಿದರು. "ಒತ್ತಪ್ಪ."

"ಮತ್ತೆ ಕಾಗ್ದ ಸಾರ್?"

"ಒತ್ತು ಅಂದ್ನಲ್ಲ ಮಾರಾಯ!"

ಬಸವರಾಜು ಒತ್ತಿದ. ಕಿಟಕಿ ಪಕ್ಕದ ಸೀಟಿಗೆ ಆರು ವರ್ಷದ ನಂತರ ನೆಟ್ ಬಂತು.

ಬಂದದ್ದು ಬರಿಗೈಯಲ್ಲಿ ಬರಲಿಲ್ಲ. ಸಂಸ್ಥೆಯವರು ದೇವಯ್ಯನವರ ಕಾಲದಲ್ಲಿ ಮ್ಯಾನೇಜರ್ ಹೆಸರ ಮೇಲೆ ಒಂದು ಇ-ಮೇಲ್ ಮಾಡಿಸಿ, ಎಲ್ಲ ಕಾಗದಪತ್ರದ ತಲೆಯ ಮೇಲೂ ಅದನ್ನು ಅಚ್ಚು ಹಾಕಿಸಿದ್ದರು. ಅದನ್ನು ಯಾರೂ ತೆರೆದಿರಲಿಲ್ಲ. ಈಗ ತೆರೆಯಿತು. ಓದದೇ ಉಳಿದ ಪತ್ರಗಳು ಹನ್ನೊಂದು ಸಾವಿರದ ನಾನೂರ ಇಪ್ಪತ್ತಾರು. ಎಲ್ಲಕ್ಕಿಂತ ಹಳೆಯದರಲ್ಲಿ ನಂಜನಗೂಡಿನ ಯಾರೋ ಒಬ್ಬರು ಮಗಳ ಮದುವೆಗೆ ಕಲ್ಯಾಣಮಂಟಪ ಕೇಳಿ, ದಯವಿಟ್ಟು ಬೇಗ ಉತ್ತರಿಸಿ ಎಂದು ಬರೆದಿದ್ದರು. ಆ ಮಗಳ ಮಗುವಿಗೇ ಈಗ ಶಾಲೆಯ ಸೀಟು ಬೇಕಾಗಿರಬಹುದು.

ವೃಷಭೇಂದ್ರಪ್ಪನವರು ಬಗ್ಗಿ ಪರದೆಯನ್ನು ನೋಡಿದರು. "ಓಹೋ, ಇಷ್ಟೊಂದಿದೆಯೇನ್ರೀ ಮ್ಯಾನೇಜರ್ ಕೆಲಸ? ಪಾಪ, ದೇವಯ್ಯ ಒಬ್ಬರೇ ಹೇಗೆ ನಿಭಾಯಿಸ್ತಿದ್ರೋ! ಪಟ್ಟಿ ಮುಗಿಸ್ಕೊಂಡು ಒಂದೊಂದೇ ನೋಡ್ಕೊಂಡ್ ಹೋಗಿ, ಅವಸರವಿಲ್ಲ. ಸೋಮವಾರ ಕೊಟ್ರೆ ಸಾಕು."

ನಂಜುಂಡಸ್ವಾಮಿಯವರು ನೂರಾ ಹನ್ನೆರಡು ಹೆಸರನ್ನೂ ಹೊಡೆದು ನಾಲ್ಕಕ್ಕೆ ಮೂರು ನಿಮಿಷವಿರುವಾಗ ಕಳಿಸಿದರು. ಅಷ್ಟೂ ಹೊತ್ತು ಅಕ್ಷತಾ ತನ್ನ ಮೇಜಿನಲ್ಲಿದ್ದಳು. ಮಂಡಳಿಯವರು ಆರು ಗಂಟೆಗೆ ಸೇರಿ, ಸ್ವಂತ ಬುದ್ಧಿಯಿಂದ ನೆಟ್ ತರಿಸಿದ ಮ್ಯಾನೇಜರನ್ನು ಅಭಿನಂದಿಸಿ, ಎರಡು ಶಾಲೆ ಹಾಗೂ ಹಾಸ್ಟೆಲಿನ ನೆಟ್‌ವರ್ಕ್ ಉಸ್ತುವಾರಿಯನ್ನೂ ಅವರಿಗೇ ವಹಿಸಿದರು. ನಂಜುಂಡಸ್ವಾಮಿಯವರು "ಆಯ್ತು ಸಾರ್" ಎಂದರು.

ಮನೆಗೆ ಬಂದಾಗ ವಸಂತಮ್ಮನವರು ಬಾಗಿಲಲ್ಲೇ ಕಾಯುತ್ತಿದ್ದರು.

"ಬಂತೇನ್ರೀ ನೆಟ್ಟು?"

"ಬಂತು."

"ಸೀಟು?"

"ಉಳೀತು."

"ಮತ್ತೆ ಯಾಕ್ರೀ ಮುಖ ಹಿಂಗ್ ಮಾಡ್ಕೊಂಡಿದ್ದೀರಾ?"

"ಬಂತಲ್ಲ, ಅದಕ್ಕೇ ಕಣೆ," ಎಂದು ಹೇಳಿ ನಂಜುಂಡಸ್ವಾಮಿಯವರು ಚಪ್ಪಲಿ ಬಿಟ್ಟು ಒಳಗೆ ಹೋದರು.